ಮಬ್ಬುಗಟ್ಟಿದ ಹೆಡ್‌ಲೈಟ್: ಮನೆಯ ಸಾಮಾನು ಎಷ್ಟರ ಮಟ್ಟಿಗೆ ಸಾಕು

ನಮ್ಮ ಹಳೆಯ ಸಣ್ಣ ಕಾರಿನ ಎರಡೂ ಹೆಡ್‌ಲೈಟ್‌ಗಳ ಮಬ್ಬು ತೆಗೆಯುವ ಕೆಲಸ ಶಿವರಾತ್ರಿಯ ಹೊತ್ತಿಗೆ ಆರಂಭವಾಗಿ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಮುಂಚೆ ಮುಗಿಯಿತು. ಮಾಡಿದ ಕೆಲಸ ನಿಲ್ಲುತ್ತದೆಯೇ ಎಂಬುದು ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ಕಳೆಯದೆ ಗೊತ್ತಾಗುವಂತಿರಲಿಲ್ಲ. ಆದ್ದರಿಂದ ಈ ದಾಖಲೆಯನ್ನು ಮುಂಗಾರು ಬಂದ ಮೇಲೆ ಬರೆಯುತ್ತಿದ್ದೇನೆ. ಬಳಸಿದ ಸಾಮಾನಿನಲ್ಲಿ ಬಹುಪಾಲು ಮನೆಯಲ್ಲಿಯೇ ಬಿದ್ದಿದ್ದ ಹಳೆಯ ವಸ್ತುಗಳು. ಯಾವುದನ್ನು ಮನೆಯಿಂದ ತೆಗೆದುಕೊಂಡರೆ ಸಾಕು, ಯಾವುದನ್ನು ಅಂಗಡಿಯಿಂದಲೇ ತರಬೇಕು ಎಂಬುದು ಈ ಕೆಲಸದಲ್ಲಿ ನನಗೆ ಸ್ಪಷ್ಟವಾಯಿತು.

ಕಾರನ್ನು ಮನೆಯ ಮುಂದೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸುತ್ತೇವೆ. ಎಡಗಡೆ ಕಾಂಪೌಂಡ್ ಗೋಡೆಯೂ ಬೇವಿನ ಮರವೂ ಇರುವುದರಿಂದ ಆ ಬದಿಯ ದೀಪಕ್ಕೆ ನೆರಳು ಸಿಗುತ್ತದೆ. ಬಲಗಡೆಯ ದೀಪಕ್ಕೆ ಮಧ್ಯಾಹ್ನದ ಪಶ್ಚಿಮದ ಬಿಸಿಲು ನೇರವಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ, ದಿನದ ಅತಿ ಉರಿಯ ಹೊತ್ತನ್ನು ನಮ್ಮ ಕಾರು ಆ ಜಾಗದಲ್ಲಿಯೇ ನಿಂತು ಕಳೆಯುತ್ತದೆ. ಬಲಗಡೆಯ ದೀಪ ಹಳದಿಗಟ್ಟಿ ಒಳಗಿನ ಬಲ್ಬ್ ಕೂಡ ಕಾಣದಂತಾಗಿದ್ದು, ಎಡಗಡೆಯದು ಬರೀ ಮಸುಕಾಗಿದ್ದುದಕ್ಕೆ ಕಾರಣ ಇದೇ. ನಾವು ಬಾಯಿಮಾತಿಗೆ ಗಾಜು ಎನ್ನುವ ಹೊರಗಿನ ಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೇಲೆ ಕಾರ್ಖಾನೆಯಲ್ಲಿ ಒಂದು ತೆಳುವಾದ, ಗಟ್ಟಿಯಾದ ರಕ್ಷಣಾ ಲೇಪ ಹಚ್ಚಿರುತ್ತಾರೆ. ಬಿಸಿಲಿನ ಅತಿನೇರಳೆ ಕಿರಣಗಳು ಮೊದಲು ಆ ಲೇಪವನ್ನು ತಿನ್ನುತ್ತವೆ, ಆಮೇಲೆ ಪ್ಲಾಸ್ಟಿಕ್‌ನ ಮೇಲ್ಮೈಯನ್ನು ಹಳದಿಗೊಳಿಸುತ್ತವೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡಾಡಿ ಬಂದ ಕಾರಿನ ದೀಪವನ್ನು ಒಣಬಟ್ಟೆಯಿಂದ ಒರೆಸಿದರೆ ಆ ಧೂಳೂ ಉಜ್ಜುಕಾಗದದ ಕೆಲಸವನ್ನೇ ಮಾಡುತ್ತದೆ.

ಇದು ಅಂದಚೆಂದದ ವಿಷಯವಲ್ಲ ಎಂಬುದನ್ನು ಹೇಳಲೇಬೇಕು. ರಾತ್ರಿ ಕಮಲಾಪುರ ದಾಟಿ ಹುಮನಾಬಾದ್ ಕಡೆಗೆ ಹೋಗುವಾಗ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಯಾವ ಗಳಿಗೆಯಲ್ಲಾದರೂ ಎದುರಾಗಬಹುದು. ಮಬ್ಬಾದ ದೀಪದ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಸುತ್ತಲೂ ಚದುರಿ, ನಮಗೆ ಉಪಯೋಗಕ್ಕೆ ಬಾರದೆ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಬಿಡಿಭಾಗದ ಅಂಗಡಿಯಲ್ಲಿ 60/55 ವ್ಯಾಟ್‌ನ ಬಲ್ಬ್ ತೆಗೆದು 100/90 ವ್ಯಾಟ್‌ನದು ಹಾಕಿಕೊಳ್ಳಲು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಚದುರುವ ಬೆಳಕನ್ನು ಹೆಚ್ಚಿಸಿದರೆ ಚದುರುವಿಕೆಯೇ ಹೆಚ್ಚುತ್ತದೆ. ಮೇಲಾಗಿ ಆ ಕಾವಿಗೆ ಹೋಲ್ಡರ್ ಕರಗಬಹುದು, ಒಳಗಿನ ಪ್ರತಿಫಲಕ ಸುಟ್ಟು ಕಂದಬಹುದು.

ಹಂತ 1: ಮಬ್ಬು ಎಲ್ಲಿದೆ ಎಂದು ತಿಳಿಯುವುದು

ಉಜ್ಜುವ ಮೊದಲು ಮಬ್ಬು ಹೊರಗಿದೆಯೋ ಒಳಗಿದೆಯೋ ನೋಡಬೇಕು. ಇದಕ್ಕೆ ಒಂದು ಮಗ್ಗು ನೀರು ಸಾಕು. ದೀಪದ ಮೇಲೆ ನೀರು ಸುರಿದಾಗ, ನೀರಿನ ಪದರ ಇರುವಷ್ಟು ಹೊತ್ತು ದೀಪ ತಿಳಿಯಾಗಿ ಕಂಡು, ಒಣಗಿದೊಡನೆ ಮತ್ತೆ ಮಬ್ಬಾದರೆ ದೋಷ ಹೊರಮೈಯಲ್ಲಿದೆ ಎಂದರ್ಥ. ಮೇಲ್ಮೈಯ ಸಣ್ಣ ಗೀರುಗಳನ್ನು ನೀರು ತುಂಬಿದ್ದರಿಂದ ಹಾಗೆ ಕಾಣುತ್ತದೆ. ನೀರು ಸುರಿದರೂ ಮಬ್ಬು ಹಾಗೆಯೇ ಉಳಿದರೆ, ಅಥವಾ ಒಳಗಡೆ ಹನಿಗಳು ಕಂಡರೆ, ಅದು ಸೀಲ್ ಅಥವಾ ಗಾಳಿಕಿಂಡಿಯ ದೋಷ. ಅಂಥ ದೀಪವನ್ನು ಹೊರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ನಮ್ಮ ಎರಡೂ ದೀಪಗಳು ನೀರಿಗೆ ತಿಳಿಯಾದವು.

ಈ ಭಾಗದವರು ನೋಡಬೇಕಾದ ಇನ್ನೊಂದು ಸಂಗತಿಯಿದೆ. ಸುಣ್ಣಕಲ್ಲಿನ ನೆಲವಾದ್ದರಿಂದ ನಮ್ಮ ಬೋರ್‌ವೆಲ್ ನೀರು ಗಡುಸು. ಆ ನೀರಿನಲ್ಲಿ ಕಾರು ತೊಳೆದು ಒರೆಸದೆ ಬಿಟ್ಟರೆ ದೀಪದ ಮೇಲೆ ಬಿಳಿಯ ಚುಕ್ಕೆಗಳು ಕೂರುತ್ತವೆ. ಅದು ಮಬ್ಬಿನಂತೆಯೇ ಕಂಡರೂ ಮಬ್ಬಲ್ಲ, ಸುಣ್ಣದ ಪದರ. ಅಡುಗೆಮನೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ನೆನೆಸಿ ಕೆಲವು ನಿಮಿಷ ದೀಪದ ಮೇಲೆ ಹೊದಿಸಿಟ್ಟು ತೊಳೆದಾಗ ಚುಕ್ಕೆಗಳು ಹೋದವು. ಈ ಇಡೀ ಕೆಲಸದಲ್ಲಿ ವಿನೆಗರ್ ಉಪಯೋಗಕ್ಕೆ ಬಂದದ್ದು ಇಲ್ಲಿ ಮಾತ್ರ.

ಕೊನೆಯದಾಗಿ, ಕತ್ತಲಾದ ಮೇಲೆ ಕಾರನ್ನು ಗೋಡೆಯಿಂದ 5 ಮೀಟರ್ ದೂರದಲ್ಲಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಡಿಮ್ ದೀಪ ಹಾಕಿ ಗೋಡೆಯ ಫೋಟೊ ತೆಗೆದಿಟ್ಟುಕೊಂಡೆ. ಸರಿಯಾದ ದೀಪದಲ್ಲಿ ಬೆಳಕಿಗೆ ಮೇಲ್ಭಾಗದಲ್ಲಿ ಒಂದು ಅಂಚು ಇದ್ದು, ಅದು ಎಡಗಡೆ ಸ್ವಲ್ಪ ಮೇಲಕ್ಕೇರಿರುತ್ತದೆ. ನಮ್ಮ ಬಲಗಡೆಯ ದೀಪದಲ್ಲಿ ಅಂಚೇ ಇರಲಿಲ್ಲ. ಗೋಡೆಯ ತುಂಬ ಹಳದಿ ಬೆಳಕು ಹರಡಿತ್ತು.

ಹಂತ 2: ಅಡುಗೆಮನೆಯ ಮತ್ತು ಬಚ್ಚಲಿನ ಸಾಮಾನು

ಇವುಗಳ ಪ್ರಯೋಗ ಹಿಂದಿನ ದೀಪಾವಳಿಗೇ ನಡೆದಿತ್ತು. ಬಲಗಡೆಯ ದೀಪವನ್ನು ಟೇಪಿನಿಂದ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗಕ್ಕೆ ಒಂದೊಂದು ವಸ್ತುವನ್ನು ಹಚ್ಚಿ ಹೋಲಿಸಿದೆ.

ಅವಧಿ ಮುಗಿದ ಬಿಳಿ ಟೂತ್‌ಪೇಸ್ಟ್ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಅದರಲ್ಲಿ ಹಲ್ಲು ಉಜ್ಜಲೆಂದು ಹಾಕಿರುವ ನುಣ್ಣನೆಯ ಸುಣ್ಣದ ಅಥವಾ ಸಿಲಿಕಾದ ಪುಡಿಯೇ ಇಲ್ಲಿಯೂ ಕೆಲಸ ಮಾಡುವುದು. ಒದ್ದೆ ಬನಿಯನ್ ತುಂಡಿನಿಂದ ಹತ್ತು ನಿಮಿಷ ಉಜ್ಜಿ ತೊಳೆದಾಗ ಮೇಲಿನ ಮಸುಕು ಹೋಗಿ ಹೊಳಪು ಬಂದಿತು; ಆಳದ ಹಳದಿ ಮಾತ್ರ ಕದಲಲಿಲ್ಲ. ಪಾರದರ್ಶಕ ಜೆಲ್ ಪೇಸ್ಟ್ ಅಷ್ಟೂ ಮಾಡಲಿಲ್ಲ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಉಜ್ಜಿದ್ದು ಟೂತ್‌ಪೇಸ್ಟ್‌ಗಿಂತ ಒಂದು ಕೈ ಕಡಿಮೆ. ಸೋಡಾಕ್ಕೆ ವಿನೆಗರ್ ಇಲ್ಲವೆ ನಿಂಬೆರಸ ಸುರಿದು ನೊರೆ ಬರಿಸುವುದು ನೋಡಲು ಚೆನ್ನಾಗಿರುತ್ತದೆಯೇ ಹೊರತು, ಆಮ್ಲವೂ ಸೋಡಾವೂ ಒಂದನ್ನೊಂದು ತಣಿಸಿಕೊಂಡು ಉಜ್ಜಲು ಪುಡಿಯೇ ಉಳಿಯುವುದಿಲ್ಲ. ಕೊಬ್ಬರಿ ಎಣ್ಣೆ ಸವರಿದ ಭಾಗ ಕ್ಷಣದಲ್ಲಿ ಕನ್ನಡಿಯಂತೆ ಹೊಳೆಯಿತು. ಅದು ನೀರು ಸುರಿದಾಗ ಕಂಡ ಹೊಳಪೇ, ಎಣ್ಣೆ ಇರುವ ತನಕ ಮಾತ್ರ. ಸಂಜೆಯೊಳಗೆ ಅದರ ಮೇಲೆ ಧೂಳು ಅಂಟಿ ಕೂತಿತು.

ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಮತ್ತು ಡೀಟ್ ಇರುವ ಸೊಳ್ಳೆ ನಿವಾರಕ ಸ್ಪ್ರೇ, ಇವುಗಳನ್ನು ನಾನು ಬೇಕೆಂದೇ ಮುಟ್ಟಲಿಲ್ಲ. ಸೊಳ್ಳೆಯ ಸ್ಪ್ರೇ ಹೊಡೆದು ಒರೆಸಿದೊಡನೆ ದೀಪ ಹೊಳೆಯುವುದನ್ನು ತೋರಿಸುವ ವಿಡಿಯೊಗಳು ಮೊಬೈಲ್‌ನಲ್ಲಿ ಬೇಕಾದಷ್ಟಿವೆ. ಆ ಹೊಳಪು ಬರುವುದು ಪ್ಲಾಸ್ಟಿಕ್‌ನ ಮೇಲ್ಮೈ ಕರಗಿ ಮೆತ್ತಗಾಗುವುದರಿಂದ. ಮುಂದೆ ಅಲ್ಲಿಯೇ ಜೇಡರ ಬಲೆಯಂಥ ಬಿರುಕುಗಳು ಏಳುತ್ತವೆ. ಒಮ್ಮೆ ಹಾಗಾದ ದೀಪವನ್ನು ಯಾವ ಕಾಗದದಿಂದ ಉಜ್ಜಿಯೂ ಸರಿಪಡಿಸಲಾಗದು.

ಟೂತ್‌ಪೇಸ್ಟ್‌ನ ಹೊಳಪು ಸಂಕ್ರಾಂತಿಯವರೆಗೂ ಉಳಿಯಲಿಲ್ಲ. ಬಲಗಡೆಯ ದೀಪ ಮೊದಲಿನ ಸ್ಥಿತಿಗೇ ಮರಳಿತು.

ಹಂತ 3: ಸಾಮಾನು ಹೊಂದಿಸಿಕೊಳ್ಳುವುದು

ಮನೆಯಿಂದ ತೆಗೆದವು ಇಷ್ಟು: ಹಳೆಯ ಧೋತರದ ತುಂಡುಗಳು, ಬನಿಯನ್ ಚಿಂದಿ, ಕನ್ನಡಿ ಒರೆಸುವ ದ್ರಾವಣದ ಖಾಲಿ ಸ್ಪ್ರೇ ಬಾಟಲಿ, ಎರಡು ಬಕೆಟ್, ಸವೆದ ಹವಾಯಿ ಚಪ್ಪಲಿ, ಮೊಣಕಾಲಿನಡಿ ಹಾಕಿಕೊಳ್ಳಲು ಹರಿದ ಕೌದಿ, ಶಾಂಪೂ ಸ್ಯಾಷೆ, ಹಳೆಯ ಪತ್ರಿಕೆಗಳು, ಟಾರ್ಚ್. ಅಂಗಡಿಯಿಂದ ತಂದವು: 800, 1000, 1500 ಮತ್ತು 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಜ್ಜುಕಾಗದ; ನಂಬರು ಹೆಚ್ಚಿದಷ್ಟೂ ನುಣುಪು) ತಲಾ ಎರಡು ಹಾಳೆ, ಮಾಸ್ಕಿಂಗ್ ಟೇಪ್, ಪಾಲಿಶ್ ಮಾಡುವ ರಬ್ಬಿಂಗ್ ಕಂಪೌಂಡ್, ಜಿಡ್ಡು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಕಾರಿಗೆ ಹಚ್ಚುವ ವ್ಯಾಕ್ಸ್.

ಹವಾಯಿ ಚಪ್ಪಲಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ, ಏಕೆಂದರೆ ಈ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಉಪಕರಣ ಅದು. ಕಾಗದವನ್ನು ಬರಿಗೈಯಲ್ಲಿ ಹಿಡಿದು ಉಜ್ಜಿದರೆ ಬೆರಳು ಒತ್ತುವಲ್ಲಿ ಹೆಚ್ಚು, ಬೆರಳಿನ ಸಂದಿಯಲ್ಲಿ ಕಡಿಮೆ ಸವೆದು ಸಾಲುಸಾಲಾಗಿ ಗೆರೆ ಬೀಳುತ್ತದೆ. ಮರದ ತುಂಡಿಗೆ ಸುತ್ತಿ ಉಜ್ಜಿದರೆ ದೀಪದ ಮೈ ಬಾಗಿರುವುದರಿಂದ ಉಬ್ಬಿದ ಕಡೆ ಮಾತ್ರ ಸವೆಯುತ್ತದೆ. ಚಪ್ಪಲಿಯ ಅಟ್ಟೆಯಲ್ಲಿ ಸವೆಯದ ಭಾಗವನ್ನು 3 ಇಂಚು ಉದ್ದ, 2 ಇಂಚು ಅಗಲಕ್ಕೆ ಬ್ಲೇಡಿನಿಂದ ಕತ್ತರಿಸಿ ಅದಕ್ಕೆ ಕಾಗದ ಸುತ್ತಿದಾಗ, ಅದು ಒತ್ತಡವನ್ನು ಸಮನಾಗಿ ಹಂಚುವಷ್ಟು ಗಟ್ಟಿಯಾಗಿಯೂ ದೀಪದ ಬಾಗಿಗೆ ಹೊಂದುವಷ್ಟು ಮೆತ್ತಗಾಗಿಯೂ ಇತ್ತು.

ಮಾಸ್ಕಿಂಗ್ ಟೇಪಿನ ಬದಲು ಮನೆಯಲ್ಲಿದ್ದ ಕರಿಯ ಇನ್ಸುಲೇಶನ್ ಟೇಪ್ ಅಂಟಿಸಿ ನೋಡಿದ್ದುಂಟು. ನೀರು ತಗುಲಿದೊಡನೆ ಅದರ ಅಂಚು ಎದ್ದಿತು, ಬಿಸಿಲಿಗೆ ಅಂಟು ಕರಗಿ ಬಣ್ಣದ ಮೇಲೆ ಉಳಿಯಿತು. ಆ 50 ರೂಪಾಯಿಯನ್ನು ಉಳಿಸಲು ಹೋಗಬಾರದು.

ಹಂತ 4: ನೀರಿನಲ್ಲಿ ಉಜ್ಜುವುದು

ಭಾನುವಾರ ನಸುಕಿನಲ್ಲಿ, ಬಿಸಿಲೇರುವ ಮೊದಲು ಕೆಲಸ ಹಿಡಿದೆ. ಶಹಾಬಾದ್ ಕಲ್ಲು ಹಾಸಿದ ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಏಳದಂತೆ ಮಾಡಿ, ದೀಪಗಳ ಸುತ್ತ ಬಣ್ಣದ ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿದೆ. ದೀಪ ಬಿಸಿಯಾಗಿದ್ದರೆ ನೀರು ಆ ಕ್ಷಣಕ್ಕೇ ಆರಿ, ಉಜ್ಜಿದ ರಾಡಿ ಗಟ್ಟಿಯಾಗಿ ಕಾಗದಕ್ಕೆ ಮೆತ್ತಿಕೊಂಡು ಹೊಸ ಗೀರು ಹಾಕುತ್ತದೆ. ಆದ್ದರಿಂದ ನಮ್ಮೂರಿನಲ್ಲಿ ಈ ಕೆಲಸಕ್ಕೆ ಹೊತ್ತು ಮುಖ್ಯ.

ಕಾಗದದ ಹಾಳೆಗಳನ್ನು ನಾಲ್ಕು ತುಂಡು ಮಾಡಿ, ಶಾಂಪೂ ಬೆರೆಸಿದ ನೀರಿನಲ್ಲಿ ಕಾಲು ಗಂಟೆ ನೆನೆಹಾಕಿದೆ. ಮೊದಲು 1000ದಿಂದ ಆರಂಭಿಸಿದೆ, ಕಡಿಮೆ ಸವೆಸಿದಷ್ಟೂ ಒಳ್ಳೆಯದೆಂಬ ಲೆಕ್ಕದಲ್ಲಿ. ಎಡಗಡೆಯ ದೀಪಕ್ಕೆ ಅದು ಸಾಕಾಯಿತು. ಬಲಗಡೆಯ ದೀಪದಲ್ಲಿ ಹಳೆಯ ಲೇಪ ಕೆಲವು ಕಡೆ ಎದ್ದುಹೋಗಿ ಕೆಲವು ಕಡೆ ಬಿಗಿಯಾಗಿ ಕೂತಿದ್ದರಿಂದ, ಅರ್ಧ ಗಂಟೆ ಉಜ್ಜಿದ ಮೇಲೂ ಒಣಗಿಸಿ ನೋಡಿದರೆ ನಕ್ಷೆಯ ಮೇಲಿನ ಗಡಿಗೆರೆಗಳಂತೆ ಲೇಪದ ಅಂಚುಗಳು ಎದ್ದು ಕಾಣುತ್ತಿದ್ದವು. 1000ದ ಕಾಗದ ಆ ಗಟ್ಟಿ ಲೇಪದ ಮೇಲೆ ಜಾರುತ್ತದೆಯೇ ವಿನಾ ಕಚ್ಚುವುದಿಲ್ಲ. 800ಕ್ಕೆ ಇಳಿದ ಮೇಲೆಯೇ ಕೆಲಸ ಮುಂದೆ ಸಾಗಿದ್ದು.

800ರಲ್ಲಿ ಎಡದಿಂದ ಬಲಕ್ಕೆ ಮಾತ್ರ, ನೇರವಾಗಿ, ಹಗುರ ಕೈಯಿಂದ ಉಜ್ಜಿದೆ; ಗುಂಡಗೆ ತಿರುಗಿಸಲಿಲ್ಲ. ಸ್ಪ್ರೇ ಬಾಟಲಿಯಿಂದ ನೀರು ಹೊಡೆಯುತ್ತಲೇ ಇದ್ದೆ. ಕೆಳಗೆ ಇಳಿಯುವ ರಾಡಿಯ ಬಣ್ಣವೇ ಇಲ್ಲಿ ಅಳತೆಗೋಲು: ಮೊದಲು ಹಳದಿಯಾಗಿರುತ್ತದೆ, ಹಳೆಯ ಲೇಪವೂ ಕೆಟ್ಟ ಪ್ಲಾಸ್ಟಿಕ್ಕೂ ಹೋದ ಮೇಲೆ ಹಾಲಿನಷ್ಟು ಬೆಳ್ಳಗಾಗುತ್ತದೆ. ಎಲ್ಲ ಮೂಲೆಗಳಿಂದಲೂ ಬಿಳಿಯ ರಾಡಿ ಬರುವ ತನಕ ಮುಂದಿನ ನಂಬರಿಗೆ ಹೋಗಬಾರದು. ಬಾನೆಟ್‌ಗೆ ತಾಗುವ ಮೇಲಂಚನ್ನು ಕೈ ಸುಲಭವಾಗಿ ಮರೆಯುತ್ತದೆ. ಬಿಸಿಲು ಹೆಚ್ಚು ತಿಂದಿರುವುದೂ ಅದೇ ಅಂಚು.

ಈ ಹಂತದಲ್ಲಿ ದೀಪ ಮೊದಲಿಗಿಂತ ಕೆಟ್ಟದಾಗಿ, ಪೂರ್ತಿ ಬಿಳಿಚಿಕೊಂಡು ಕಾಣುತ್ತದೆ. ನೋಡಲು ಬಂದ ಪಕ್ಕದ ಮನೆಯ ಹಿರಿಯರು, "ಇದೇನ್ರಿ, ಇದ್ದದ್ದೂ ಹೋತಲ್ರಿ," ಎಂದು ಮರುಗಿದರು. ನೀರು ಹೊಡೆದು ತೋರಿಸಿದಾಗ ಒಳಗಿನ ಬಲ್ಬ್ ಸ್ಪಷ್ಟವಾಗಿ ಕಂಡಿತು. ಅವರಿಗೆ ನಂಬಿಕೆ ಬಂದಿತು.

ಅನಂತರ 1000ದಲ್ಲಿ ಮೇಲಿನಿಂದ ಕೆಳಗೆ, 1500ರಲ್ಲಿ ಮತ್ತೆ ಅಡ್ಡಕ್ಕೆ. ದಿಕ್ಕು ಬದಲಿಸುವುದರಿಂದ ಹಿಂದಿನ ನಂಬರಿನ ಗೀರುಗಳೆಲ್ಲ ಹೋಗಿವೆಯೇ ಎಂಬುದು ತಿಳಿಯುತ್ತದೆ: ಒಣಗಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಅಡ್ಡ ಮತ್ತು ಉದ್ದ ಎರಡೂ ಬಗೆಯ ಗೆರೆ ಕಂಡರೆ ಇನ್ನೂ ಉಜ್ಜಬೇಕು. ನಂಬರು ಬದಲಿಸುವಾಗಲೆಲ್ಲ ದೀಪ, ಚಪ್ಪಲಿ ತುಂಡು, ಕೈ ಎಲ್ಲವನ್ನೂ ತೊಳೆದು ಬಕೆಟ್ಟಿನ ನೀರನ್ನು ಚೆಲ್ಲಿ ಹೊಸ ನೀರು ತುಂಬಿದೆ. 800ರ ಒಂದೇ ಕಣ 1500ರ ಕಾಗದದಡಿ ಸಿಕ್ಕಿಕೊಂಡರೆ ದೀಪದ ಉದ್ದಕ್ಕೂ ಆಳವಾದ ಗೀರು ಎಳೆಯುತ್ತದೆ.

ಬಲಗಡೆಯ ದೀಪವನ್ನು 1500ಕ್ಕೆ ನಿಲ್ಲಿಸಿದೆ. ಎಡಗಡೆಯದನ್ನು 2000ದವರೆಗೆ ಒಯ್ದೆ. ಕಾರಣ ಮುಂದಿದೆ.

ಹಂತ 5: ಎಡಗಡೆಗೆ ಕಂಪೌಂಡ್ ಮತ್ತು ವ್ಯಾಕ್ಸ್

ಎಡಗಡೆಯ ದೀಪಕ್ಕೆ ನೆರಳಿರುವುದರಿಂದ ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚಿದರೆ ಸಾಕಾಗಬಹುದೇ ಎಂದು ನೋಡುವ ಉದ್ದೇಶವಿತ್ತು. ಕಡಲೆಕಾಳಿನಷ್ಟು ಕಂಪೌಂಡನ್ನು ಧೋತರದ ಒದ್ದೆ ತುಂಡಿಗೆ ಹಾಕಿ, ಅಂಗೈಯಷ್ಟು ಜಾಗವನ್ನು ಒಂದು ಸಲಕ್ಕೆ ಹಿಡಿದು ಉಜ್ಜಿದೆ. ಹಳೆಯ ಧೋತರ ಎಷ್ಟೋ ಒಗೆತ ಕಂಡು ಮೆತ್ತಗಾಗಿರುವುದರಿಂದ ಇದಕ್ಕೆ ಹೇಳಿ ಮಾಡಿಸಿದಂತಿದೆ. ಟೆರಿಕಾಟ್ ಬಟ್ಟೆ ಗೀರು ಹಾಕಿತು. ಕೈಯಿಂದ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಡ್ರಿಲ್ ಯಂತ್ರಕ್ಕೆ ಪ್ಯಾಡ್ ಕಟ್ಟಿ ಮಾಡಿದರೆ ಬೇಗ ಮುಗಿಯುತ್ತದೆ. ಆದರೆ ಒಂದೇ ಕಡೆ ನಿಂತರೆ ಪ್ಲಾಸ್ಟಿಕ್ ಕಾದು ಮೆತ್ತಗಾಗುವ ಭಯವಿರುವುದರಿಂದ ನಾನು ಕೈಯನ್ನೇ ನಂಬಿದೆ. ಕೊನೆಗೆ ತೊಳೆದು ಒಣಗಿಸಿ ವ್ಯಾಕ್ಸ್ ಹಚ್ಚಿದೆ. ದೀಪ ಹೊಸದರಂತೆ ಕಂಡಿತು.

ಹಂತ 6: ಬಲಗಡೆಗೆ ಕ್ಲಿಯರ್

ಉಜ್ಜುವುದೆಂದರೆ ಕೆಟ್ಟುಹೋಗಿದ್ದ ರಕ್ಷಣಾ ಲೇಪದ ಉಳಿಕೆಯನ್ನೂ ಕಿತ್ತುಹಾಕುವುದು. ಅಲ್ಲಿಗೆ ನಿಲ್ಲಿಸಿದರೆ ಬೆತ್ತಲೆ ಪ್ಲಾಸ್ಟಿಕ್ಕನ್ನು ಬಿಸಿಲಿಗೆ ಒಡ್ಡಿದಂತಾಗಿ, ಅದು ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಟೂತ್‌ಪೇಸ್ಟ್‌ನ ಹೊಳಪು ನಿಲ್ಲದಿದ್ದುದಕ್ಕೂ ಇದೇ ಕಾರಣ. ಇಲ್ಲಿ ಮಾತ್ರ ಮನೆಯ ಯಾವ ವಸ್ತುವೂ ಬದಲಿಯಾಗದು. ಅತಿನೇರಳೆ ಕಿರಣಗಳನ್ನು ತಡೆಯುವ, ಗಟ್ಟಿಗೊಳಿಸುವ ಹಾರ್ಡನರ್ ಬೆರೆಸಿ ಹೊಡೆಯುವ ಕ್ಲಿಯರ್ ಲೇಪವೇ ಬೇಕು. ಆ ಹಾರ್ಡನರ್‌ನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುತ್ತದೆ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಅಂಗಳದಲ್ಲಿ ಹೊಡೆಯುವ ವಸ್ತು ಅದಲ್ಲ. ತಕ್ಕ ಮಾಸ್ಕ್ ಇರುವ ಡೆಂಟಿಂಗ್–ಪೇಂಟಿಂಗ್ ಅಂಗಡಿಗೆ ಹೋದೆ.

ಪೇಂಟರ್ ಮೊದಲು ದೀಪದ ಮೇಲೆ ಬೆರಳಾಡಿಸಿ, ಕಂಪೌಂಡ್ ಹಚ್ಚಿದ್ದೀರಾ ಎಂದು ಕೇಳಿದರು. ಈ ದೀಪಕ್ಕೆ ಹಚ್ಚಿಲ್ಲ ಎಂದೆ. "ಚಲೋ ಮಾಡೀರಿ ಸರ. ಎಣ್ಣಿ ಅಂಶ ಉಳೀತಂದ್ರ ಕ್ಲಿಯರ್ ಹಿಡಿಯಂಗಿಲ್ಲ, ಗುಳ್ಳಿ ಗುಳ್ಳಿ ಆಗ್ತದ," ಎಂದರು. 1500ಕ್ಕೆ ನಿಲ್ಲಿಸಿದ್ದು ಇದಕ್ಕೇ. ಕ್ಲಿಯರ್ ಹಿಡಿದುಕೊಳ್ಳಲು ಮೇಲ್ಮೈ ಸ್ವಲ್ಪ ಒರಟಾಗಿರಬೇಕು. ಆ ಸಣ್ಣ ಗೀರುಗಳನ್ನು ಕ್ಲಿಯರೇ ತುಂಬಿ ಪಾರದರ್ಶಕವಾಗಿಸುತ್ತದೆ. ನುಣುಪಾಗಿ ಪಾಲಿಶ್ ಮಾಡಿ ಆಮೇಲೆ ಕ್ಲಿಯರ್ ಹೊಡೆಸಿದರೆ ಅದು ಸಿಪ್ಪೆಯಂತೆ ಏಳುವ ಸಂಭವವಿದೆ.

ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಒಗೆದ ಧೋತರದ ತುಂಡಿನಿಂದ ದೀಪವನ್ನು ಒರೆಸಿ, ಆರಿದ ಮೇಲೆ ಮತ್ತೆ ಮುಟ್ಟಲಿಲ್ಲ. ಇದಕ್ಕೆ ಮನೆಯ ಹ್ಯಾಂಡ್ ಸ್ಯಾನಿಟೈಸರ್ ಆಗದು. ಅದರಲ್ಲಿರುವ ಗ್ಲಿಸರಿನ್ ಮೇಲ್ಮೈಯಲ್ಲಿ ಜಿಡ್ಡಾಗಿ ಉಳಿಯುತ್ತದೆ. ಟೇಪ್ ಬದಲಿಸಿ, ಬಾನೆಟ್ ಮತ್ತು ಬಂಪರ್‌ಗೆ ಪತ್ರಿಕೆ ಹೊದಿಸಿದೆವು. ಪೇಂಟರ್ ಮೊದಲ ಕೋಟನ್ನು ಮಂಜಿನಷ್ಟು ತೆಳುವಾಗಿ ಹೊಡೆದು, ಹತ್ತು ನಿಮಿಷ ಬಿಟ್ಟು ಎರಡನೆಯದನ್ನು ತುಂಬಿ ಹೊಡೆದರು. ಬೆಳಗಿನ ಹೊತ್ತನ್ನೇ ಆಯ್ದುಕೊಂಡಿದ್ದೆವು, ಏಕೆಂದರೆ ಸುಡುವ ಮಧ್ಯಾಹ್ನದಲ್ಲಿ ಕ್ಲಿಯರ್ ಹರಡಿಕೊಳ್ಳುವ ಮೊದಲೇ ಆರಿ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಅದು ಪೂರ್ತಿ ಗಟ್ಟಿಯಾಗುವವರೆಗೆ, ಒಂದು ವಾರ, ಕಾರು ತೊಳೆಯಲಿಲ್ಲ.

ಹಂತ 7: ಖರ್ಚು, ಗೋಡೆ, ಬಿಸಿಲು

ವಾಟರ್ ಪೇಪರ್ 8 ಹಾಳೆಗೆ 160, ಟೇಪಿಗೆ 50, ಕಂಪೌಂಡ್‌ಗೆ 180, ಐಸೊಪ್ರೊಪೈಲ್‌ಗೆ 120, ವ್ಯಾಕ್ಸ್‌ಗೆ 200, ಒಂದು ದೀಪದ ಕ್ಲಿಯರ್‌ಗೆ 250. ಒಟ್ಟು 960 ರೂಪಾಯಿ. ಹೊಸ ದೀಪಕ್ಕೆ ಅಂಗಡಿಯಲ್ಲಿ ಒಂದಕ್ಕೆ 2,200 ಹೇಳಿದ್ದರು. ಎಡಗಡೆಗೂ ಕ್ಲಿಯರ್ ಹೊಡೆಸಿಬಿಟ್ಟಿದ್ದರೆ ಕಂಪೌಂಡ್, ವ್ಯಾಕ್ಸ್ ಮತ್ತು 2000 ನಂಬರಿನ ಕಾಗದ ಬೇಕೇ ಆಗುತ್ತಿರಲಿಲ್ಲ, ಖರ್ಚೂ ಇನ್ನಷ್ಟು ಕಡಿಮೆಯಾಗುತ್ತಿತ್ತು.

ಅದೇ ಗೋಡೆಯ ಮುಂದೆ, ಅದೇ 5 ಮೀಟರ್ ದೂರದಲ್ಲಿ ನಿಲ್ಲಿಸಿದಾಗ ಎರಡೂ ದೀಪಗಳ ಬೆಳಕಿಗೆ ಅಂಚು ಮೂಡಿತ್ತು. ಎಡಕ್ಕೆ ಮೇಲೇರುವ ಭಾಗವನ್ನು ಸೀಮೆಸುಣ್ಣದಿಂದ ಗೆರೆ ಎಳೆದು ಗುರುತಿಸಬಹುದಿತ್ತು. ಬಲಗಡೆಯ ಅಂಚು ಸ್ವಲ್ಪ ಎತ್ತರದಲ್ಲಿರುವುದು ಆಗ ಕಣ್ಣಿಗೆ ಬಿದ್ದಿತು. ಮಬ್ಬಿನಲ್ಲಿ ಅದು ಇಷ್ಟು ದಿನ ಮರೆಯಾಗಿತ್ತು. ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಎಡಗಡೆಯ ಮಟ್ಟಕ್ಕೆ ಇಳಿಸಿದೆ. ದೀಪ ತಿಳಿಯಾದ ಮೇಲೆ ಇದನ್ನು ನೋಡಲೇಬೇಕು. ಇಲ್ಲವಾದರೆ ಎದುರಿನವರಿಗೆ ಹಿಂದಿಗಿಂತ ಹೆಚ್ಚು ತೊಂದರೆಯಾಗುತ್ತದೆ.

ಏಪ್ರಿಲ್, ಮೇ ಕಳೆದಿವೆ. ನೇರ ಬಿಸಿಲು ತಿಂದ ಬಲಗಡೆಯ ದೀಪ ಕ್ಲಿಯರ್ ಹೊಡೆದ ದಿನ ಹೇಗಿತ್ತೋ ಹಾಗೆಯೇ ಇದೆ. ನೆರಳಿನಲ್ಲಿದ್ದ ಎಡಗಡೆಯ ದೀಪಕ್ಕೆ ವ್ಯಾಕ್ಸನ್ನು ಆಗಾಗ ಹಚ್ಚುತ್ತಲೇ ಇದ್ದರೂ, ಬಾನೆಟ್‌ಗೆ ತಾಗುವ ಮೇಲಂಚಿನಲ್ಲಿ ತೆಳುವಾದ ಹಳದಿ ಮೂಡಿದೆ. ಈಗ ಮಳೆಗಾಲದ ತೇವದಲ್ಲಿ ಕ್ಲಿಯರ್ ಹೊಡೆದರೆ ಬಿಳಿಚಿಕೊಳ್ಳಬಹುದೆಂದು ಪೇಂಟರ್ ಎಚ್ಚರಿಸಿದ್ದಾರೆ. ದಸರೆಯ ನಂತರ ಹವೆ ಒಣಗಿದ ಮೇಲೆ ಎಡಗಡೆಯ ದೀಪದ ವ್ಯಾಕ್ಸನ್ನು ಐಸೊಪ್ರೊಪೈಲ್‌ನಿಂದ ಪೂರ್ತಿ ತೆಗೆದು, ಹಳದಿ ಅಂಚಿಗೆ 1000, ಆಮೇಲೆ ಇಡೀ ದೀಪಕ್ಕೆ 1500ರ ಕಾಗದ ಆಡಿಸಿ, ಅವರಲ್ಲಿಗೇ ಒಯ್ಯುತ್ತೇನೆ. ಚಪ್ಪಲಿಯ ತುಂಡನ್ನೂ ಉಳಿದ ಹಾಳೆಗಳನ್ನೂ ಅದಕ್ಕಾಗಿ ತೆಗೆದಿಟ್ಟಿದ್ದೇನೆ.